ಚಿಟ್ಟಿಯನ್ನು ಕಲೆ ಎಂದು ತಿಳಿಯುವ ಪ್ಲಗಿನ್

ಮನೆಯಲ್ಲಿರುವ ನನ್ನ ಕಂಪ್ಯೂಟರಿನ ಫೋಟೋಶಾಪ್ ತೆರೆದು ಫಿಲ್ಟರ್ ಮೆನು ಇಳಿಸಿದರೆ ಕೆಳತುದಿಯಲ್ಲಿ ಈಗ ಎರಡೇ ಪ್ಲಗಿನ್, ಅಂದರೆ ಹೊರಗಿನಿಂದ ತಂದು ಸೇರಿಸಿದ ಸಣ್ಣ ಪ್ರೋಗ್ರಾಮ್, ಕಾಣುತ್ತವೆ. ಒಂದು ಕಪ್ಪು-ಬಿಳುಪು ಮಾಡುವುದಕ್ಕೆ, ನಿಕ್ ಕಲೆಕ್ಷನ್ನಿನ ಸಿಲ್ವರ್ ಎಫೆಕ್ಸ್. ಇನ್ನೊಂದು ರಾತ್ರಿ ಹೊತ್ತು ತೆಗೆದ ಚಿತ್ರಗಳ ನಾಯ್ಸ್, ಅಂದರೆ ಮರಳು ಚೆಲ್ಲಿದಂಥ ಚುಕ್ಕಿ, ತೆಗೆಯುವುದಕ್ಕೆ. ಮೊದಲು ಆ ಪಟ್ಟಿ ಉದ್ದಕ್ಕೆ ಇಳಿಯುತ್ತಿತ್ತು. ಚರ್ಮ ನಯ ಮಾಡುವುದು, ಹಳೆಯ ಫಿಲ್ಮಿನ ಬಣ್ಣ ಕೊಡುವುದು, ಮೋಡ ಗಾಢ ಮಾಡುವುದು, ಮರದ ಸಂದಿಯಿಂದ ಬಿಸಿಲಿನ ಕೋಲು ಇಳಿಸುವುದು, ಚಿತ್ರದ ಮೇಲೆ ಹಳೇ ಕಾಗದದ ಗೀರು ಹಾಕುವುದು, ಹೀಗೆ ಎಲ್ಲದಕ್ಕೂ ಒಂದೊಂದಿತ್ತು. ಒಂದೊಂದಾಗಿ ತೆಗೆದುಹಾಕಿದೆ. ಯಾಕೆ ತೆಗೆದೆ, ಎರಡನ್ನು ಯಾಕೆ ಉಳಿಸಿಕೊಂಡೆ ಎಂದು ಸ್ಟುಡಿಯೋದವರು, ಪರಿಚಯದ ಹುಡುಗರು ಕೇಳುತ್ತಲೇ ಇರುತ್ತಾರೆ. ಸರಿಯಾಗಿ ಕೂತು ಬರೆಯೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅವೆಲ್ಲ ಈಗಲೂ ಇವೆ. ಪುತ್ತೂರಿನಲ್ಲಿ ನಾನು ಮಾಡುವುದು ಮದುವೆ ಆಲ್ಬಮಿನ ಕೆಲಸ. ಒಂದು ಮದುವೆ ಅಂದರೆ ಮದರಂಗಿ, ಮುಹೂರ್ತ, ರಿಸೆಪ್ಶನ್ ಸೇರಿ ಸಾವಿರಗಟ್ಟಲೆ ಚಿತ್ರ. ಸೀಸನ್ನಿನಲ್ಲಿ ಒಂದರ ಆಲ್ಬಮ್ ಮುಗಿಯುವ ಮೊದಲು ಮುಂದಿನ ಮದುವೆಯ ಮೆಮೊರಿ ಕಾರ್ಡ್ ಮೇಜಿನ ಮೇಲೆ ಬಂದು ಬಿದ್ದಿರುತ್ತದೆ. ಅಲ್ಲಿ ಒಂದೊಂದು ಮುಖವನ್ನೂ ಕೈಯಲ್ಲಿ ತಿದ್ದುತ್ತೇನೆ ಅಂದರೆ ಹೊಟ್ಟೆಪಾಡು ನಡೆಯುವುದಿಲ್ಲ. ಒಮ್ಮೆ ಮಾಡಿದ ಹೆಜ್ಜೆಗಳನ್ನು ತಾನಾಗಿ ಮತ್ತೆ ಮಾಡುವ ಆ್ಯಕ್ಷನ್ ಹಾಕಿ ಫೋಲ್ಡರಿಗೆ ಫೋಲ್ಡರನ್ನೇ ಓಡಿಸಬೇಕು, ಓಡಿಸುತ್ತೇವೆ. ನನ್ನ ಸ್ವಂತದ ಕೆಲಸ ಬೇರೆ. ಅದು ಯಕ್ಷಗಾನದ ಚೌಕಿಯ, ಅಂದರೆ ಕಲಾವಿದರು ಬಣ್ಣ ಹಾಕಿ ವೇಷ ಕಟ್ಟುವ ಜಾಗದ, ಚಿತ್ರಗಳು. ತೆಗೆಯುವುದು ಮೇಳಗಳ ತಿರುಗಾಟದ ಕಾಲದಲ್ಲಿ, ಕೂತು ತಿದ್ದುವುದು ಆಟಿಯಲ್ಲಿ. ತುಳುವರ ಮಳೆಗಾಲದ ಈ ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಮೇಳಗಳೂ ತಿರುಗಾಟ ಮುಗಿಸುವ ಪತ್ತನಾಜೆಯ ದಿನವೇ ಗೆಜ್ಜೆ ಬಿಚ್ಚಿರುತ್ತವೆ. ಹೊರಗೆ ಮಳೆ, ಒಳಗೆ ಹಾರ್ಡ್ ಡಿಸ್ಕ್.

ಈ ಪ್ಲಗಿನ್ ಎಂಬುದು ಫೋಟೋಶಾಪಿನಷ್ಟೇ ಹಳೆಯದು. 1990ರಲ್ಲಿ ಫೋಟೋಶಾಪಿನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಪ್ಲಗಿನ್‌ಗಳಿದ್ದವು. ಥಾಮಸ್ ನೋಲ್ ಮುಖ್ಯ ಪ್ರೋಗ್ರಾಮ್ ಬರೆದರು, ಸಿನಿಮಾದ ಸ್ಪೆಷಲ್ ಎಫೆಕ್ಟ್ಸ್ ಕೆಲಸದಲ್ಲಿದ್ದ ಅವರ ತಮ್ಮ ಜಾನ್ ನೋಲ್ ಅನೇಕ ಪ್ಲಗಿನ್ ಬರೆದರು. ಮುಖ್ಯ ಪ್ರೋಗ್ರಾಮನ್ನು ಮುಟ್ಟದೆಯೇ ಹೊರಗಿನವರು ಹೊಸ ಫಿಲ್ಟರ್ ಮಾಡಿ ಸೇರಿಸಬಹುದಿತ್ತು. 1992ರಲ್ಲಿ ಕೈ ಕ್ರೌಸ್ ತಂದ ಕೈಸ್ ಪವರ್ ಟೂಲ್ಸ್ ಆ ದಾರಿಯಲ್ಲಿ ಬಂದದ್ದು. ಚಿತ್ರದ ಒಂದು ಮೂಲೆ ಪುಸ್ತಕದ ಹಾಳೆಯ ಹಾಗೆ ಮಡಚಿಕೊಂಡಂತೆ ಕಾಣುವ ಫಿಲ್ಟರ್ ಅದರಲ್ಲಿತ್ತು. ತೊಂಬತ್ತರ ದಶಕದ ಕೊನೆಯ ಮದುವೆ ಆಲ್ಬಮ್ ಯಾರ ಮನೆಯಲ್ಲಾದರೂ ಇದ್ದರೆ ತೆಗೆದು ನೋಡಿ, ಎಲ್ಲಾದರೂ ಒಂದು ಮೂಲೆ ಮಡಚಿರುವ ಸಂಭವ ಉಂಟು. ನಿಕ್ ಕಲೆಕ್ಷನ್ ಹೆಚ್ಚಿನವರ ಕೈಗೆ ಬಂದದ್ದು 2016ರ ಮಾರ್ಚಿನಲ್ಲಿ. ಅದುವರೆಗೆ 149 ಡಾಲರ್ ಇದ್ದದ್ದನ್ನು ಗೂಗಲ್ ಪುಕ್ಕಟೆ ಕೊಟ್ಟಿತು. ಮರುವರ್ಷ ಅದು ಫ್ರಾನ್ಸಿನ ಡಿಎಕ್ಸ್‌ಒ ಕಂಪನಿಯ ಪಾಲಾಯಿತು, ಮತ್ತೆ ಬೆಲೆ ಬಂತು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವ ಹಿರಿಯ ಕಲಾವಿದರೊಬ್ಬರಿಗೆ ಅಭಿನಂದನಾ ಗ್ರಂಥ ತರುವವರಿದ್ದರು. ಬಣ್ಣದ ಪುಟಗಳನ್ನು ಜೋಡಿಸುವ ಕೆಲಸ ನನಗೆ ಬಂತು. ಚಿತ್ರಗಳು ಬೇರೆ ಕಡೆ ಎಡಿಟ್ ಆಗಿಯೇ ಬಂದಿದ್ದವು. ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಗ್ಗಿ ನೋಡಿದರು.

"ಇದು ನನ್ನದಾ? ಚಿಟ್ಟಿ ಎಲ್ಲಿ ಹೋಯ್ತು ಮಾರಾಯ್ತಿ?"

ಚಿಟ್ಟಿ ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಹೇಳಬೇಕು. ರಾಕ್ಷಸ ವೇಷದ ಮುಖಕ್ಕೆ ಬಣ್ಣ ಹಾಕಿದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ, ಸಣ್ಣ ಕಡ್ಡಿಯಲ್ಲಿ ಎತ್ತಿ, ಚುಕ್ಕಿ ಚುಕ್ಕಿಯಾಗಿ ಸಾಲಾಗಿ ಇಡುತ್ತಾರೆ. ಇಟ್ಟ ಚುಕ್ಕಿ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಹೀಗೆ ಅದು ಚರ್ಮದಿಂದ ಮೇಲೆದ್ದು ನಿಲ್ಲುತ್ತದೆ. ಕೆನ್ನೆ, ಹುಬ್ಬು, ಹಣೆಯ ಸುತ್ತ ಬಿಳಿ ಮುಳ್ಳಿನ ಸಾಲು. ಅಷ್ಟು ಹೊತ್ತೂ ಕಲಾವಿದರು ಒಂದು ಕೈಯಲ್ಲಿ ಕನ್ನಡಿ ಹಿಡಿದು ನೆಲದಲ್ಲಿ ಕೂತಿರುತ್ತಾರೆ. ಗಂಟೆಗಟ್ಟಲೆ ಬೇಕು. ಮಾತಾಡುವ ಹಾಗಿಲ್ಲ, ನಗುವ ಹಾಗಿಲ್ಲ, ಮುಖ ಅಲುಗಿದರೆ ಚಿಟ್ಟಿ ಒಡೆಯುತ್ತದೆ.

ಎಡಿಟ್ ಆದ ಚಿತ್ರದಲ್ಲಿ ಆ ಸಾಲೆಲ್ಲ ಒಂದು ಬಿಳಿ ಪಟ್ಟಿ ಆಗಿತ್ತು. ನೂರು ಶೇಕಡಾ ದೊಡ್ಡದು ಮಾಡಿ ನೋಡಿದಾಗ ಆದದ್ದೇನು ಎಂದು ತಿಳಿಯಿತು. ಚರ್ಮ ನಯ ಮಾಡುವ ಪ್ಲಗಿನ್‌ಗಳು ಮುಖದಲ್ಲಿ ಒಂದು ಅಳತೆಯ ಏರುಪೇರುಗಳನ್ನು ಹುಡುಕುತ್ತವೆ. ಕಣ್ಣು, ತುಟಿ, ದವಡೆಯ ದೊಡ್ಡ ಅಂಚುಗಳನ್ನು ಬಿಡುತ್ತವೆ. ಅದಕ್ಕಿಂತ ಚಿಕ್ಕದಾದ ಬೆಳಕು-ನೆರಳಿನ ಚುಕ್ಕಿಗಳನ್ನು ಮೊಡವೆ, ಕಲೆ, ರಂಧ್ರ ಎಂದು ತೀರ್ಮಾನಿಸಿ ಸಾರಿಸಿಬಿಡುತ್ತವೆ. ಮುಖದ ಚಿತ್ರದಲ್ಲಿ ಒಂದು ಚಿಟ್ಟಿಯ ಅಳತೆ ಹೆಚ್ಚುಕಡಿಮೆ ಒಂದು ಮೊಡವೆಯದ್ದೇ. ಪ್ರತಿ ಚುಕ್ಕಿಯ ಒಂದು ಬದಿಗೆ ಸಣ್ಣ ನೆರಳು ಇರುತ್ತದಲ್ಲ, ಅದು ಮೇಲೆದ್ದಿದೆ ಎಂದು ನಮಗೆ ಹೇಳುವುದು ಆ ನೆರಳೇ. ಅದು ಹೋದರೆ ಉಳಿಯುವುದು ಸುಣ್ಣ ಬಳಿದ ಹಾಗಿನ ಗೆರೆ. ಮೂಲ ಫೈಲುಗಳನ್ನು ತರಿಸಿಕೊಂಡು ನಾನೇ ಮೊದಲಿನಿಂದ ಮಾಡಿದೆ.

ಇದೇ ತರಹದ ಪ್ಲಗಿನ್ ಮದುವೆ ಚಿತ್ರಗಳಲ್ಲೂ ಹೀಗೆಯೇ ನಡೆದುಕೊಳ್ಳುತ್ತದೆ, ಆದರೆ ಯಾರ ಗಮನಕ್ಕೂ ಬರುವುದಿಲ್ಲ. ಚರ್ಮ ಯಾವುದು ಎಂದು ಅದು ಬಣ್ಣದಿಂದ ಗುರುತಿಸುತ್ತದೆ. ಚರ್ಮದ ಬಣ್ಣಕ್ಕೆ ಹತ್ತಿರ ಇರುವುದೆಲ್ಲ ಅದರ ಬಲೆಗೆ ಬೀಳುತ್ತದೆ. ಸಾಸಿವೆ ಬಣ್ಣದ ರೇಷ್ಮೆ ಸೀರೆ, ಅದರ ಜರಿ, ಮಲ್ಲಿಗೆಯ ಹಳದಿ ನೆರಳು, ಮಂಟಪದ ಮರದ ಕೆತ್ತನೆ. ಅಜ್ಜಿಯ ಕಾಲದ ಸೀರೆ ಉಟ್ಟ ಮದುಮಗಳ ಚಿತ್ರದಲ್ಲಿ ಜರಿಯ ಎಳೆಗಳೇ ಕಾಣದಿದ್ದರೆ ಆ ಸೀರೆ ಉಟ್ಟದ್ದಕ್ಕೆ ಏನು ಅರ್ಥ? ಅದಕ್ಕೇ ಸ್ಟುಡಿಯೋದಲ್ಲೂ ಮಾಸ್ಕ್ ಹಾಕಿ ಸೀರೆಯನ್ನು ಹೊರಗಿಡುವುದನ್ನು ನಾವು ಬಿಡುವುದಿಲ್ಲ.

ಮೈಬಣ್ಣದ ಮಾತನ್ನೂ ಇಲ್ಲೇ ಹೇಳಬೇಕು. "ಸ್ವಲ್ಪ ಬೆಳ್ಳಗೆ ಮಾಡಿ ಮೇಡಂ" ಎಂದು ಕೇಳದ ಮನೆಯವರು ಕಡಿಮೆ. ಕೇಳಿದಾಗ ನಾನು ಚಿತ್ರದ ಬೆಳಕು ಸರಿ ಮಾಡಿ ತೋರಿಸುತ್ತೇನೆ, ಬಣ್ಣ ಬದಲಾಯಿಸುವುದಿಲ್ಲ. ಕಪ್ಪಗಿನ ಮೈಯಲ್ಲಿ ಬೆಳಕು ಬೀಳುವ ರೀತಿ ಬೇರೆಯೇ ಚಂದ. ಕೆನ್ನೆಯ ಮೂಳೆಯ ಮೇಲೆ, ಮೂಗಿನ ಏಣಿನಲ್ಲಿ ಅದು ಹೊಳೆಯುತ್ತದೆ. ಒಂದೇ ಗುಂಡಿಯಲ್ಲಿ ಎಲ್ಲರನ್ನೂ ಗೋಧಿ ಬಣ್ಣಕ್ಕೆ ತರುವ ಪ್ರೀಸೆಟ್, ಅಂದರೆ ಮೊದಲೇ ಹೊಂದಿಸಿಟ್ಟ ಬದಲಾವಣೆಗಳ ಕಟ್ಟು, ಆ ಹೊಳಪನ್ನೇ ಮೊದಲು ತಿನ್ನುತ್ತದೆ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಕೆಲವರು ಬೇರೆ ಸ್ಟುಡಿಯೋಕ್ಕೆ ಹೋಗಿದ್ದಾರೆ, ಹೋಗಲಿ.

ಕೆಲವು ವರ್ಷಗಳಿಂದ ಇನ್ನೊಂದು ಬಂದಿದೆ. ಮದುವೆಗೆ ಮೊದಲಿನ ಔಟ್‌ಡೋರ್ ಚಿತ್ರಗಳೆಲ್ಲ ಕಂದು-ಬೂದು ಬಣ್ಣ. 'ಮೂಡಿ' ಎನ್ನುತ್ತಾರೆ. ಈ ಪ್ರೀಸೆಟ್ ಹಸಿರಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸುತ್ತದೆ, ಹಸಿರನ್ನು ಹಳದಿಯ ಕಡೆಗೆ ತಳ್ಳುತ್ತದೆ, ಕಪ್ಪನ್ನು ಸ್ವಲ್ಪ ಎತ್ತಿ ಮಾಸಲು ಮಾಡುತ್ತದೆ. ಚಳಿ ದೇಶದ ಮಂಜಿಗೆ, ಪೈನ್ ಕಾಡಿಗೆ ಅದು ಒಪ್ಪುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಅಡಿಕೆ ತೋಟದೊಳಗೆ ನಿಂತು ನೋಡಿದ್ದೀರಾ? ಸೋಗೆಯ ಹಸಿರು ಬೇರೆ, ಕಾಳುಮೆಣಸಿನ ಬಳ್ಳಿಯ ಹಸಿರು ಬೇರೆ, ಅಡಿಕೆ ಮರದ ಮೈಮೇಲಿನ ಪಾಚಿಯ ಹಸಿರು ಬೇರೆ, ತೋಡಿನ ಬದಿಯ ಕೆಸುವಿನ ಎಲೆಯದ್ದು ಮತ್ತೊಂದೇ. ಪ್ರೀಸೆಟ್ ಹಾಕಿದ ಮೇಲೆ ಅವೆಲ್ಲ ಒಣಗಿದ ಆಲಿವ್ ಬಣ್ಣ. ಮಳೆಗಾಲದಲ್ಲಿ ತೆಗೆದ ಚಿತ್ರ ಬೇಸಗೆಯ ಕೊನೆಯದ್ದು ಅನ್ನಿಸುತ್ತದೆ. ಈ ತೋಟದಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ಆ ಚಿತ್ರ ನೋಡಿ "ಇದು ನಮ್ಮ ತೋಟದ ಹಾಗೆ ಕಾಣುವುದೇ ಇಲ್ಲ, ಎಷ್ಟು ಚಂದ ಬಂದಿದೆ ಅಲ್ವಾ ಅಕ್ಕ" ಎಂದ. ಅವನ ಖುಷಿ ನನಗೆ ಅರ್ಥವಾಯಿತು, ಆದರೂ ಬೇಜಾರಾಯಿತು.

ಸೃಜನಶೀಲತೆ ಎಂಬ ದೊಡ್ಡ ಮಾತಿಗೆ ಈಗ ಬರುತ್ತೇನೆ. ಫಿಲ್ಟರಿನಿಂದ ಎಲ್ಲರ ಚಿತ್ರ ಒಂದೇ ತರಹ ಆಗುತ್ತದೆ ಎಂಬ ದೂರು ಹಳತು, ನಿಜವೂ ಹೌದು. ನನ್ನ ಮಟ್ಟಿಗೆ ನಷ್ಟ ಅದಕ್ಕಿಂತ ಮೊದಲೇ ಆಗಿರುತ್ತದೆ. ಫಿಲ್ಟರ್ ನನ್ನಿಂದ ಕಿತ್ತುಕೊಳ್ಳುವುದು ನೋಡುವ ಹೊತ್ತನ್ನು. ಕೈಯಲ್ಲಿ ತಿದ್ದುವಾಗ ಬ್ರಷ್ ಎಲ್ಲಿ ಹೋಗುತ್ತದೋ ಅಲ್ಲಿಗೆ ಕಣ್ಣೂ ಹೋಗಲೇಬೇಕು. ಇಲ್ಲಿ ಸ್ವಲ್ಪ ಬೆಳಕು ಎತ್ತೋಣ, ಅಲ್ಲಿ ಇಳಿಸೋಣ ಎಂದು ಚಿತ್ರದ ಮೂಲೆಮೂಲೆಗೂ ಹೋಗಿ ಬರುತ್ತೇವೆ. ಆಗ ಕ್ಯಾಮೆರಾ ಹಿಡಿದಿದ್ದಾಗ ಕಾಣದ್ದು ಕಾಣುತ್ತದೆ. ಡಾರ್ಕ್‌ರೂಮಿನಲ್ಲಿ ಕೆಲಸ ಮಾಡಿದ ಹಿರಿಯರು ತಂತಿಗೆ ಕಾಗದದ ತುಂಡು ಅಂಟಿಸಿ, ಚಿತ್ರವನ್ನು ದೊಡ್ಡದು ಮಾಡಿ ಕಾಗದಕ್ಕೆ ಇಳಿಸುವ ಎನ್‌ಲಾರ್ಜರ್ ಬೆಳಕಿನ ಕೆಳಗೆ ಆಡಿಸುತ್ತಿದ್ದರು, ಮುಖದ ಭಾಗ ಬೆಳ್ಳಗೆ ಉಳಿಯಲಿ ಎಂದು. ಕಾಗದಕ್ಕೆ ಬೆಳಕು ಬೀಳುವ ಅಷ್ಟು ಸೆಕೆಂಡೂ ಅವರ ಕಣ್ಣು ಚಿತ್ರದ ಮೇಲೇ ಇರುತ್ತಿತ್ತು.

ಒಂದು ಚಿತ್ರದ ಕಥೆ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಬಯಲಾಟದ ಚೌಕಿ. ಮೇಲೆ ಒಂದೇ ಬಲ್ಬು. ಅದರಡಿ ಬಣ್ಣದ ವೇಷದವರು ಚಿಟ್ಟಿ ಇಡುತ್ತಿದ್ದಾರೆ, ಎದುರಿಗೆ ಬಣ್ಣದ ಪೆಟ್ಟಿಗೆ ತೆರೆದಿದೆ, ಹಿಂದೆ ಹಗ್ಗಕ್ಕೆ ವೇಷದ ಅಂಗಿಗಳಾದ ದಗಲೆಗಳು ತೂಗಿವೆ. ನಾನು ತೆಗೆದದ್ದು ಆ ಕಲಾವಿದರನ್ನು, ಅವರ ಕೈಯ ಕನ್ನಡಿಯನ್ನು. ಉಳಿದದ್ದೆಲ್ಲ ಕತ್ತಲು. ಫಿಲ್ಮ್ ಬಣ್ಣ ಕೊಡುವ ಪ್ಲಗಿನ್ ಹಾಕಿದರೆ ಮೂರು ಸೆಕೆಂಡಿನಲ್ಲಿ ಚಂದ ಕಾಣುವ ಚಿತ್ರ ಅದು. ಅಂಥ ಪ್ರೀಸೆಟ್‌ಗಳಲ್ಲಿ ಹೆಚ್ಚಿನವು ಮೂಲೆಗಳನ್ನು ಇನ್ನಷ್ಟು ಕಪ್ಪು ಮಾಡುತ್ತವೆ, ಕಣ್ಣು ನಡುವಿಗೆ ಹೋಗಲಿ ಎಂದು. ನಾನು ಬೆಳಕು-ನೆರಳು ಏರಿಳಿಸುವ ಕರ್ವ್ಸ್ ಲೇಯರ್ ಹಾಕಿ, ಬ್ರಷ್ ತಾಗಿದಲ್ಲಿ ಮಾತ್ರ ಅದು ಕಾಣುವ ಹಾಗೆ ಮಾಸ್ಕ್ ಕಪ್ಪು ಮಾಡಿ, ಬ್ರಷ್ಷಿನ ಹರಿವು (ಫ್ಲೋ) ತೀರ ಕಡಿಮೆ ಇಟ್ಟು, ನೆರಳನ್ನು ಮೆಲ್ಲ ಮೆಲ್ಲ ಎತ್ತುತ್ತಿದ್ದೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಮೊಣಕಾಲು ಕಂಡಿತು. ಆಮೇಲೆ ಒಂದು ಕೈ. ಬಾಲಗೋಪಾಲ ವೇಷ ಮುಗಿಸಿ ಬಂದ ಹುಡುಗ, ಮುಖದ ಬಣ್ಣ ಅರ್ಧ ಒರೆಸಿಕೊಂಡು ಕೂತಿದ್ದಾನೆ. ತೆಂಗಿನ ಗೆರಟೆಯಲ್ಲಿ ಉಳಿದ ಹಿಟ್ಟನ್ನು ಕಡ್ಡಿಯಲ್ಲಿ ಎತ್ತಿ ತನ್ನ ಮುಂಗೈಯ ಮೇಲೆ ಚುಕ್ಕಿ ಇಡುತ್ತಿದ್ದಾನೆ. ಒಂದು ಸಾಲು ಸುಮಾರು ನೇರವಾಗಿಯೇ ಬಂದಿದೆ.

ತೆಗೆಯುವಾಗ ನಾನು ಅವನನ್ನು ನೋಡಿರಲಿಲ್ಲ. ಅವನು ಕಂಡ ಮೇಲೆ ಇಡೀ ಚಿತ್ರ ಬದಲಾಯಿತು. ನಡುವಿನ ಮುಖದ ಬೆಳಕು ಒಂದಿಷ್ಟು ಇಳಿಸಿದೆ, ಎಡಗಡೆ ಕತ್ತರಿಸಿದೆ, ಕನ್ನಡಿಯಿಂದ ಆ ಹುಡುಗನ ಮುಂಗೈವರೆಗೆ ಕಣ್ಣು ಇಳಿದು ಹೋಗುವ ಹಾಗೆ ದಾರಿ ಮಾಡಿದೆ. ಆ ಹೊಳಹು ಬಂದದ್ದು ಬ್ರಷ್ ಆ ಮೂಲೆಗೆ ಹೋದದ್ದರಿಂದ. ಸೃಜನಶೀಲತೆ ಬೇರೆ ಏನಾದರೂ ಇರಬಹುದು, ನನಗೆ ಗೊತ್ತಿರುವ ರೂಪ ಇದೇ: ಹೆಚ್ಚು ಹೊತ್ತು ನೋಡುವುದು, ನೋಡಿದ್ದರಿಂದ ಮುಂದಿನ ಕೆಲಸ ಹುಟ್ಟುವುದು. ಫಿಲ್ಟರ್ ಚಂದದ ಉತ್ತರವನ್ನು ಬೇಗ ಕೊಡುತ್ತದೆ. ಉತ್ತರ ಸಿಕ್ಕಿದ ಮೇಲೆ ಮೂಲೆ ನೋಡುವವರು ಯಾರು?

ಹಾಗಾದರೆ ಸಿಲ್ವರ್ ಎಫೆಕ್ಸ್ ಯಾಕೆ ಉಳಿಸಿಕೊಂಡೆ? ಅದು ನನಗೆ ಕಲಿಸಿದೆ. ಕಪ್ಪು-ಬಿಳುಪು ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮುಂದೆ ಬಣ್ಣದ ಗಾಜು ಹಾಕುತ್ತಿದ್ದರು, ಕೆಂಪು, ಕಿತ್ತಳೆ, ಹಳದಿ, ಹಸಿರು. ಆ ಗಾಜುಗಳ ಪರಿಣಾಮವನ್ನು ಈ ಪ್ಲಗಿನ್ ಮಾಡಿ ತೋರಿಸುತ್ತದೆ. ಗಾಜು ಯಾವ ಬಣ್ಣದ್ದೋ ಆ ಬಣ್ಣದ ವಸ್ತು ಚಿತ್ರದಲ್ಲಿ ಬೆಳ್ಳಗಾಗುತ್ತದೆ, ಎದುರು ಬಣ್ಣದ್ದು ಕಪ್ಪಾಗುತ್ತದೆ. ಯಕ್ಷಗಾನದ ಮುಖಕ್ಕೆ ಇದನ್ನು ಹಾಕಿ ನೋಡಬೇಕು. ಕೆಂಪು ಫಿಲ್ಟರ್ ಒತ್ತಿದರೆ ಇಂಗಳೀಕದ ಕೆಂಪೆಲ್ಲ ಬಿಳುಚಿ ಚಿಟ್ಟಿಯ ಬಿಳಿಯ ಜೊತೆ ಸೇರಿಹೋಗುತ್ತದೆ, ರಾಕ್ಷಸನ ಮುಖ ಖಾಲಿಯಾಗುತ್ತದೆ. ಹಸಿರು ಒತ್ತಿದರೆ ಅದೇ ಕೆಂಪು ಕಪ್ಪಿಗೆ ಇಳಿಯುತ್ತದೆ, ಒಂದೊಂದು ಚಿಟ್ಟಿಯೂ ಎದ್ದು ನಿಲ್ಲುತ್ತದೆ. ಬಹಳ ಹಿಂದಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ, ಅದರಲ್ಲಿ ಕೆಂಪೆಲ್ಲ ಕಪ್ಪಾಗಿಯೇ ಬರುತ್ತಿತ್ತು. ತೀರ ಹಳೆಯ ವೇಷದ ಫೋಟೋಗಳಲ್ಲಿ ಕೆಂಪು ಬಣ್ಣ ಯಾಕೆ ಅಷ್ಟು ಗಾಢವಾಗಿ ಕಾಣಬಹುದು ಎಂಬುದಕ್ಕೆ ಒಂದು ಕಾರಣ ಅಲ್ಲಿ ಸಿಕ್ಕಿತು.

ಇದನ್ನು ತಿಳಿದ ಮೇಲೆ ಬಣ್ಣದ ಚಿತ್ರಗಳಿಗೂ ಉಪಯೋಗವಾಯಿತು. ರಂಗಸ್ಥಳದ ಹಳದಿ ಬೆಳಕಿನಲ್ಲಿ ಕೆಂಪು ದಗಲೆಯ ಚಿತ್ರ ತೆಗೆದರೆ, ಚಿತ್ರದ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ಕೆಂಪಿನದ್ದು ತುಂಬಿ ತುಳುಕುತ್ತದೆ, ಬಟ್ಟೆಯ ಮಡಿಕೆಗಳೆಲ್ಲ ಒಂದೇ ಕೆಂಪು ಮುದ್ದೆ. ಬೆಚ್ಚಗಿನ ಬಣ್ಣ ಕೊಡುವ ಪ್ರೀಸೆಟ್ ಅದನ್ನು ಇನ್ನೂ ಹಾಳು ಮಾಡುತ್ತದೆ. ಆದರೆ ಹಸಿರು ಚಾನೆಲ್ ತೆರೆದು ನೋಡಿದರೆ ಮಡಿಕೆಗಳು ಅಲ್ಲಿ ಕೂತಿರುತ್ತವೆ. ಆ ಚಾನೆಲನ್ನು ಒಂದು ಲೇಯರಾಗಿ ತಂದು, ಅದರ ಬೆಳಕು-ನೆರಳು ಮಾತ್ರ ಸೇರುವ ಹಾಗೆ ಬ್ಲೆಂಡ್ ಮೋಡನ್ನು ಲ್ಯುಮಿನಾಸಿಟಿಗೆ ಇಟ್ಟು, ದಗಲೆಯ ಮೇಲೆ ಮಾತ್ರ ಮಾಸ್ಕ್ ಮಾಡಿ, ಲೇಯರಿನ ದಟ್ಟಣೆ (ಒಪಾಸಿಟಿ) ಇಳಿಸುತ್ತಾ ಬಂದರೆ ಬಟ್ಟೆಗೆ ಮತ್ತೆ ಬಟ್ಟೆಯ ಗುಣ ಬರುತ್ತದೆ. ಅಭಿನಂದನಾ ಗ್ರಂಥದ ದಗಲೆಗಳನ್ನೆಲ್ಲ ಮಾಡಿದ್ದು ಹೀಗೆ.

ಅದೇ ಪ್ಲಗಿನ್ನಿನ ಕಂಟ್ರೋಲ್ ಪಾಯಿಂಟ್ ಕೂಡ ನನಗೆ ಇಷ್ಟ. ಚಿತ್ರದಲ್ಲಿ ಒಂದು ಕಡೆ ಚುಕ್ಕಿ ಇಟ್ಟು ವೃತ್ತದ ಅಳತೆ ಹೇಳಿದರೆ, ಆ ವೃತ್ತದೊಳಗೆ ಚುಕ್ಕಿಯ ಜಾಗವನ್ನು ಹೋಲುವ ಭಾಗ ಮಾತ್ರ ಬದಲಾಗುತ್ತದೆ. ಎಲ್ಲಿ ಇಡಬೇಕು ಎಂದು ನಾನೇ ನಿರ್ಧರಿಸಬೇಕು, ನಿರ್ಧರಿಸುವುದಕ್ಕೆ ನೋಡಬೇಕು. ಎಡಗಡೆ ಸಾಲಾಗಿ ಬರುವ ಪ್ರೀಸೆಟ್ ಚಿತ್ರಗಳ ಪಟ್ಟಿಯನ್ನು ಮಾತ್ರ ಮುಚ್ಚಿಟ್ಟಿದ್ದೇನೆ. ನನ್ನದೇ ಚಿತ್ರ ಹತ್ತಾರು ವೇಷದಲ್ಲಿ ಒಟ್ಟಿಗೆ ಎದುರಿಗೆ ಬಂದರೆ ನಾನು ಅಂಗಡಿಯಲ್ಲಿ ಸೀರೆ ಆರಿಸುವವಳಾಗುತ್ತೇನೆ, ನೇಯುವವಳಾಗಿ ಉಳಿಯುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಪ್ಲಗಿನ್ ಬಹಳ ಪ್ರೀತಿ. ಬೇಡ ಎಂದು ನಾನು ಹೇಳಲಿಲ್ಲ. ಒಂದು ಅಭ್ಯಾಸ ಕೊಟ್ಟೆ. ನಿನಗೆ ಇಷ್ಟವಾದ ಪ್ರೀಸೆಟ್ ಹಾಕು, ಅದನ್ನು ಒಂದು ಲೇಯರಿನಲ್ಲಿ ಇಟ್ಟುಕೋ. ಈಗ ಮೂಲ ಚಿತ್ರಕ್ಕೆ ಕರ್ವ್ಸ್, ಹ್ಯೂ-ಸ್ಯಾಚುರೇಶನ್, ಮಾಸ್ಕ್ ಇಷ್ಟೇ ಬಳಸಿ ಅದೇ ಫಲ ತಾ. ಎರಡನ್ನೂ ಒಂದರ ಮೇಲೊಂದು ಇಟ್ಟು ಡಿಫರೆನ್ಸ್ ಮೋಡಿನಲ್ಲಿ ನೋಡು, ಪೂರ್ತಿ ಕಪ್ಪಾದರೆ ಎರಡೂ ಒಂದೇ. ಅವಳು ಮೊದಲು ಗೊಣಗಿದಳು. "ಒಂದು ಕ್ಲಿಕ್ಕಿನದ್ದಕ್ಕೆ ಇಷ್ಟೆಲ್ಲ ಯಾಕೆ ಅಕ್ಕ?" ಆಮೇಲೆ ಒಂದು ಸಂಜೆ ತಾನಾಗಿ ಬಂದು ಹೇಳಿದಳು, ಅವಳ ಅಚ್ಚುಮೆಚ್ಚಿನ 'ಸಿನಿಮಾ' ಬಣ್ಣದಲ್ಲಿ ಇರುವುದು ನೆರಳಿಗೆ ಸ್ವಲ್ಪ ನೀಲಿ-ಹಸಿರು, ಬೆಳಕಿಗೆ ಸ್ವಲ್ಪ ಕಿತ್ತಳೆ, ಕರ್ವ್ಸಿನ ಎರಡು ತುದಿ ಅಲುಗಿಸಿದರೆ ಮುಗಿಯಿತು. ಅದು ಗೊತ್ತಾದ ಮೇಲೆ ನೀಲಿ ಯಾಕೆ ಇರಬೇಕು ಎಂಬ ಪ್ರಶ್ನೆ ಅವಳಿಗೇ ಬಂತು.

ಈಗ ಅವಳು ತನ್ನದೇ ಒಂದು ಪ್ರೀಸೆಟ್ ಮಾಡಿದ್ದಾಳೆ. ಕಂಬಳಕ್ಕೆಂದೇ. ಮಧ್ಯಾಹ್ನದ ಬಿಸಿಲಲ್ಲಿ ಕೆಸರು ನೀರು ಕೋಣಗಳ ಮುಂದೆ ಗೋಡೆಯಂತೆ ಏಳುತ್ತದಲ್ಲ, ಆ ನೀರಿನ ಹನಿಗಳು ಬಿಳುಚಿ ಹೋಗದೆ ಕಂದು ಬಣ್ಣ ಉಳಿಸಿಕೊಳ್ಳಬೇಕು, ಕೋಣದ ಕಪ್ಪು ಮೈಯ ಎಣ್ಣೆ ಹೊಳಪು ಕಾಣಬೇಕು, ಓಡಿಸುವವನ ಮೈ ಬೂದಿ ಬಣ್ಣಕ್ಕೆ ತಿರುಗಬಾರದು. ಇಷ್ಟನ್ನು ಹಿಡಿಯಲು ಅವಳು ಕಂಬಳದ ಗದ್ದೆಗಳಿಗೆ ಮತ್ತೆ ಮತ್ತೆ ಹೋಗಿ ಬಂದಿದ್ದಾಳೆ, ಒಂದೊಂದು ಸ್ಲೈಡರ್ ಯಾಕೆ ಅಲ್ಲಿದೆ ಎಂದು ಕೇಳಿದರೆ ಹೇಳಬಲ್ಲಳು. ಇಂಥ ಫಿಲ್ಟರಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಗೆಳತಿಯರು ಕೇಳಿದರು ಎಂದು ಹಂಚಿದ್ದಾಳೆ ಕೂಡ. ರಾತ್ರಿಯ ಕಂಬಳಕ್ಕೆ ಅದು ಆಗುವುದಿಲ್ಲ. ಫ್ಲಡ್‌ಲೈಟಿನ ಬೆಳಕಿನಲ್ಲಿ ಕೆಸರು ಹಸಿರು ಹೊಡೆಯುತ್ತದೆ, ನೆರಳು ಎರಡೆರಡು ಬೀಳುತ್ತದೆ. ಅದಕ್ಕೆ ಬೇರೆ ಮಾಡಬೇಕು ಎಂದು ಈ ಸೀಸನ್ನಿನ ಫೈಲುಗಳನ್ನು ತೆರೆದಿಟ್ಟುಕೊಂಡು ಕೂತಿದ್ದಾಳೆ.